ಮೊದಲು ಬಿಡಿ, ಆಮೇಲೆ ಹಚ್ಚಿ: ರೊಸೇಶಿಯಾ ಇರುವ ಮುಖದ ಆರೈಕೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಬಚ್ಚಲೊಲೆಗೆ ಬೆಂಕಿ ಹಾಕುವ ಕೆಲಸ ಬಹಳ ವರ್ಷ ನನ್ನದೇ ಆಗಿತ್ತು. ಅಡಿಕೆ ಸಿಪ್ಪೆ, ತೆಂಗಿನ ಮಡಲು ತುರುಕಿ, ಊದಿ, ಎದ್ದು ಬಂದರೆ ಎರಡೂ ಕೆನ್ನೆಗಳು ಕೆಂಡ ಇಟ್ಟಂತೆ ಉರಿಯುತ್ತಿದ್ದವು. ಒಲೆಯ ಮುಂದೆ ಕುಳಿತ ಯಾರಿಗಾದರೂ ಮುಖ ಬಿಸಿಯಾಗುತ್ತದೆ. ಆದರೆ ಉಳಿದವರದು ಹತ್ತು ನಿಮಿಷದಲ್ಲಿ ಆರುತ್ತಿತ್ತು. ನನ್ನದು ಮಧ್ಯಾಹ್ನದ ಊಟದ ಹೊತ್ತಿಗೂ ಆರುತ್ತಿರಲಿಲ್ಲ. ಮೂಗಿನ ಇಕ್ಕೆಲಗಳಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಅಮ್ಮ ‘ಉಷ್ಣ’ ಎಂದರು, ದೊಡ್ಡಮ್ಮ ‘ಪಿತ್ತ’ ಎಂದರು, ನೆರೆಮನೆಯವರು ನಾಗನಿಗೆ ತಂಬಿಲ ಎಂಬ ಪೂಜೆ ಮಾಡಿಸಲು ಹೇಳಿದರು. ಅದಕ್ಕೆ ರೊಸೇಶಿಯಾ ಎಂಬ ಹೆಸರಿದೆ ಎಂದು ಮಂಗಳೂರಿನ ಚರ್ಮವೈದ್ಯರಿಂದ ತಿಳಿಯುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು.

ಆ ನಾಲ್ಕು ವರ್ಷಗಳಲ್ಲಿ ನಾನು ಮಾಡಿದ್ದೆಲ್ಲ ಮುಖಕ್ಕೆ ಏನಾದರೊಂದನ್ನು ಹಚ್ಚುವುದು. ಆಮೇಲಿನ ಹನ್ನೊಂದು ವರ್ಷಗಳಲ್ಲಿ ಕಲಿತದ್ದು ಅದಕ್ಕೆ ವಿರುದ್ಧವಾದದ್ದು: ಈ ಕಾಯಿಲೆಯಲ್ಲಿ ಬಿಡುವುದರಿಂದ ಆಗುವ ಉಪಕಾರದ ಅರ್ಧದಷ್ಟೂ ಹಚ್ಚುವುದರಿಂದ ಆಗುವುದಿಲ್ಲ. ರೊಸೇಶಿಯಾ ಬೇರುಸಹಿತ ಹೋಗುವಂಥದ್ದಲ್ಲ. ಆದರೆ ವೈದ್ಯರ ಚೀಟಿಯ ಔಷಧ ಇಲ್ಲದೆಯೇ ಅನೇಕರು ಅದನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬಹುದು. ಕೆಳಗಿನದನ್ನು ಹೇಳಿದ ಕ್ರಮದಲ್ಲಿಯೇ ಮಾಡಿ. ಕ್ರಮ ತಪ್ಪಿದರೆ ಯಾವುದರಿಂದ ಗುಣ ಕಂಡಿತು, ಯಾವುದರಿಂದ ಕೆಟ್ಟಿತು ಎಂಬುದೇ ತಿಳಿಯುವುದಿಲ್ಲ.

ಮೊದಲು ಗುರುತಿಸಿ

ರೊಸೇಶಿಯಾ ಸಾಮಾನ್ಯವಾಗಿ ಮೂವತ್ತರ ಮೇಲೆ, ಮುಖದ ನಡುಭಾಗದಲ್ಲಿ ಕಾಣಿಸಿಕೊಳ್ಳುತ್ತದೆ: ಕೆನ್ನೆ, ಮೂಗು, ಗಲ್ಲ, ಹಣೆಯ ಮಧ್ಯ. ಆರಂಭದಲ್ಲಿ ಮುಖ ಆಗಾಗ ಬಿಸಿಯೇರಿ ಕೆಂಪಾಗಿ ಇಳಿಯುತ್ತದೆ. ಕೆಲವು ವರ್ಷಗಳಲ್ಲಿ ಆ ಕೆಂಪು ಇಳಿಯದೆ ನೆಲೆಸುತ್ತದೆ. ಕೆಲವರಿಗೆ ಎಳೆಯಂಥ ರಕ್ತನಾಳಗಳು ಕಾಣತೊಡಗುತ್ತವೆ, ಕೆಲವರಿಗೆ ಕೀವು ತುಂಬಿದ ಗುಳ್ಳೆಗಳು ಏಳುತ್ತವೆ. ಪುಸ್ತಕಗಳಲ್ಲಿಯೂ ಅಂತರಜಾಲದಲ್ಲಿಯೂ ಇರುವ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವರವು. ನಮ್ಮ ಗೋಧಿ, ಎಣ್ಣೆಗಪ್ಪು ಬಣ್ಣದ ಮುಖಗಳಲ್ಲಿ ಆ ಗುಲಾಬಿ ಕೆಂಪು ಎದ್ದು ಕಾಣುವುದಿಲ್ಲ. ಕಂದು ಅಥವಾ ಮಸುಕು ನೇರಳೆಯ ಛಾಯೆ ಕಾಣುತ್ತದೆ. ಹೀಗಾಗಿಯೇ ನಮ್ಮಲ್ಲಿ ಇದು ತಡವಾಗಿ ಪತ್ತೆಯಾಗುತ್ತದೆ. ಕಣ್ಣಿಗಿಂತ ಕೈಯನ್ನು ನಂಬಿ. ಅಂಗೈಯ ಹಿಂಬದಿಯನ್ನು ಮೊದಲು ಕೆನ್ನೆಗೆ, ಆಮೇಲೆ ಕುತ್ತಿಗೆಗೆ ಇಟ್ಟು ನೋಡಿ. ಕೆನ್ನೆ ಮಾತ್ರ ಬಿಸಿಯಾಗಿದೆಯೇ? ಸಾಬೂನು ತಾಗಿದರೆ ಚುರುಗುಟ್ಟುತ್ತದೆಯೇ? ಹಿಂದೆ ಏನೂ ಮಾಡದಿದ್ದ ಕ್ರೀಮುಗಳೆಲ್ಲ ಈಗ ಉರಿಯುತ್ತಿವೆಯೇ? ಹೌದಾದರೆ ಬಣ್ಣ ಕಾಣದಿದ್ದರೂ ಅನುಮಾನ ಪಡಬೇಕು.

ಇದನ್ನು ಹೋಲುವ ಬೇರೆ ಕಾಯಿಲೆಗಳಿವೆ. ಮೊಡವೆಯಲ್ಲಿ ರಂಧ್ರಗಳ ಬಾಯಿಯಲ್ಲಿ ಕಪ್ಪು ಚುಕ್ಕೆಗಳಿರುತ್ತವೆ, ರೊಸೇಶಿಯಾದಲ್ಲಿ ಇರುವುದಿಲ್ಲ. ಬಂಗು ಕಂದು ಬಣ್ಣದ ತೇಪೆಯಂತಿರುತ್ತದೆ, ಉರಿಯುವುದಿಲ್ಲ. ಹುಬ್ಬಿನಲ್ಲಿ, ಮೂಗಿನ ಪಕ್ಕದ ಮಡಿಕೆಯಲ್ಲಿ ಹಳದಿ ಜಿಡ್ಡಿನ ಹೊಟ್ಟು ಏಳುತ್ತಿದ್ದರೆ ಅದು ತಲೆಹೊಟ್ಟಿನ ಬಳಗದ್ದು. ಎರಡು ಸಂದರ್ಭಗಳಲ್ಲಂತೂ ಮನೆಯಲ್ಲಿ ಕುಳಿತು ಊಹಿಸುತ್ತಿರಬೇಡಿ. ಕೆನ್ನೆಯ ಕೆಂಪಿನ ಜೊತೆಗೆ ಕೀಲುನೋವು, ಜ್ವರ, ಬಾಯಿಹುಣ್ಣು, ಕೂದಲುದುರುವಿಕೆ ಇದ್ದರೆ ಅದು ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇರಬಹುದು. ಕೆಂಪು ತೇಪೆಯ ಮೇಲೆ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಕುಷ್ಠ ಇರಬಹುದು. ಕುಷ್ಠಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯಿದೆ, ಪೂರ್ತಿ ಗುಣವಾಗುತ್ತದೆ. ನಾಚಿಕೆ ಪಡುತ್ತ ದಿನ ಕಳೆಯುವುದೇ ಅದರಲ್ಲಿ ಅಪಾಯ.

ತಂಬಿಲದ ಮಾತಿಗೆ ಬರುತ್ತೇನೆ. ನಂಬಿಕೆ ಇದ್ದವರು ಮಾಡಿಸಲಿ, ನಾವೂ ಮಾಡಿಸಿದ್ದೇವೆ. ಆದರೆ ಹರಕೆ ಹೊತ್ತ ಮೇಲೆ ಬೇರೆ ಆರೈಕೆ ಬೇಡ ಎಂದು ಕೈಕಟ್ಟಿ ಕೂರಬೇಡಿ. ಮುಖ್ಯವಾಗಿ, ಮನೆಯ ಹೆಣ್ಣುಮಕ್ಕಳ ಮುಖ ನೋಡಿ ನಾಗದೋಷದ ಮಾತು ಎತ್ತಬೇಡಿ. ಉರಿಯುವ ಮುಖಕ್ಕೆ ಆ ಮಾತೂ ಕಾವೇ. ಮನಸ್ಸು ಕುದಿದಾಗ ರೊಸೇಶಿಯಾ ಕೆರಳುತ್ತದೆ ಎಂಬುದು ವೈದ್ಯರೂ ಒಪ್ಪುವ ಸತ್ಯ.

ಮೆಡಿಕಲಿನಿಂದ ಕೇಳಿ ತಂದ ಕ್ರೀಮ್

ಈ ಭಾಗವನ್ನು ಯಾರೂ ಹಾರಿಸಿ ಓದಬಾರದು. ನನಗೆ ಅತಿ ಹೆಚ್ಚು ಹಾನಿಯಾದದ್ದು ಕಾಯಿಲೆಯಿಂದಲ್ಲ, ಒಂದು ಸಣ್ಣ ಟ್ಯೂಬಿನಿಂದ. ಪೇಟೆಯ ಔಷಧದ ಅಂಗಡಿಯೊಂದರಲ್ಲಿ ‘ಮುಖ ಕೆಂಪಾಗುತ್ತದೆ’ ಎಂದದ್ದಕ್ಕೆ ಕೊಟ್ಟರು. ಮೂರು ದಿನಗಳಲ್ಲಿ ಕೆಂಪು ಮಾಯವಾಯಿತು, ಮುಖ ನುಣುಪಾಯಿತು, ಬಣ್ಣವೂ ಬಿಳಿಚಿತು. ಮದುವೆಮನೆಯಲ್ಲಿ ಕಂಡವರೆಲ್ಲ ಹೊಗಳಿದರು. ಎಂಟು ತಿಂಗಳು ಹಚ್ಚಿದೆ. ಒಂದು ವಾರ ನಿಲ್ಲಿಸಿದಾಗ ಮುಖ ಊದಿಕೊಂಡು, ರಾತ್ರಿ ಮಲಗಲಾಗದಷ್ಟು ಉರಿ ಬಂತು. ಆ ಉರಿಯನ್ನು ತಾಳಲಾರದೆ ಮತ್ತೆ ಅದನ್ನೇ ಹಚ್ಚಿದೆ. ಅದರಲ್ಲಿದ್ದದ್ದು ಸ್ಟೀರಾಯ್ಡ್.

ಸ್ಟೀರಾಯ್ಡ್ ಲೇಪವು ರಕ್ತನಾಳಗಳನ್ನು ಹಿಂಡಿ ತಕ್ಷಣಕ್ಕೆ ಕೆಂಪನ್ನು ಅಡಗಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ನಾಳಗಳು ಮೇಲೆದ್ದು, ರೊಸೇಶಿಯಾ ಇಲ್ಲದವರಿಗೂ ರೊಸೇಶಿಯಾದಂಥದ್ದೇ ಅವಸ್ಥೆ ಬರುತ್ತದೆ. ಭಾರತದ ಚರ್ಮವೈದ್ಯರು ಇದಕ್ಕೆ ‘ಸ್ಟೀರಾಯ್ಡಿನಿಂದ ಹಾನಿಗೊಂಡ ಮುಖ’ ಎಂದು ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ ಎಂದರೆ ಇದು ನಮ್ಮ ದೇಶದಲ್ಲಿ ಎಷ್ಟು ಹಬ್ಬಿದೆ ಎಂದು ಊಹಿಸಿ. 2018ರಲ್ಲಿ ಕೇಂದ್ರ ಸರಕಾರ ಇಂಥ 14 ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೂ ಮನೆಯ ಕಪಾಟಿನಲ್ಲಿ, ಅಕ್ಕ ಕೊಟ್ಟದ್ದು, ಗಲ್ಫಿನಿಂದ ಭಾವ ತಂದದ್ದು ಎಂದು ಟ್ಯೂಬುಗಳು ಇದ್ದೇ ಇರುತ್ತವೆ.

ಆದ್ದರಿಂದ ಇವತ್ತೇ ಮನೆಯಲ್ಲಿರುವ ಎಲ್ಲ ಟ್ಯೂಬುಗಳನ್ನು ಬೆಳಕಿಗೆ ಹಿಡಿದು, ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್, ಫ್ಲೂಸಿನೋಲೋನ್: ಇವುಗಳಲ್ಲಿ ಯಾವುದಿದ್ದರೂ ಸ್ಟೀರಾಯ್ಡ್ ಎಂದರ್ಥ. ಪೊಟ್ಟಣದ ಎಡಬದಿಯಲ್ಲಿ ಉದ್ದನೆಯ ಕೆಂಪು ಗೆರೆ ಇದ್ದರೆ ಅದು ಚೀಟಿ ಬೇಕಾದ ಔಷಧ. ಒಂದೆರಡು ಬಾರಿ ಹಚ್ಚಿದ್ದರೆ ಬಿಟ್ಟುಬಿಡಿ. ವಾರಗಟ್ಟಲೆ, ತಿಂಗಳುಗಟ್ಟಲೆ ಹಚ್ಚಿದ್ದರೆ ಮಾತ್ರ ಈ ಬರಹವನ್ನು ನಂಬಿ ಒಬ್ಬರೇ ನಿಲ್ಲಿಸಲು ಹೋಗಬೇಡಿ, ಚರ್ಮವೈದ್ಯರ ಬಳಿ ಹೋಗಿ. ನಿಲ್ಲಿಸಿದಾಗ ಮರುಕಳಿಸುವ ಉರಿಯನ್ನು ಅವರು ತಗ್ಗಿಸಿಕೊಡುತ್ತಾರೆ. ನನಗೆ ಆ ಹಂತ ದಾಟಲು ಮೂರು ತಿಂಗಳು ಬೇಕಾಯಿತು.

ಬೆರೆಸಿದ ವಸ್ತುಗಳ ಪಟ್ಟಿಯೇ ಇಲ್ಲದ, ತಯಾರಿಸಿದವರ ವಿಳಾಸವಿಲ್ಲದ ಬಿಳುಪಿನ ಕ್ರೀಮುಗಳನ್ನಂತೂ ಮುಟ್ಟಲೇಬೇಡಿ. ಮಲಪ್ಪುರಂ ಜಿಲ್ಲೆಯಲ್ಲಿ ಪಾದರಸ ಬೆರೆತ ಇಂಥ ಕ್ರೀಮುಗಳನ್ನು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದು 2023ರಲ್ಲಿ ಸುದ್ದಿಯಾಯಿತು. ಅದೇ ವರ್ಷ ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳನ್ನು ತಪಾಸಣೆ ಮಾಡಿತು.

ಎರಡು ವಾರ ಬರೆದಿಡಿ

ಶಾಲೆಯ ಹಳೆಯ ನೋಟುಪುಸ್ತಕ ಸಾಕು. ಎರಡು ವಾರ ಬೇರೇನನ್ನೂ ಬದಲಿಸದೆ ಬರೆಯಿರಿ. ಒಬ್ಬರಿಗೆ ಕೆರಳಿಸುವುದು ಇನ್ನೊಬ್ಬರಿಗೆ ಏನೂ ಮಾಡದಿರಬಹುದು, ಹಾಗಾಗಿ ಪರರ ಪಟ್ಟಿ ನೋಡಿ ಎಲ್ಲವನ್ನೂ ಬಿಡುವುದು ವ್ಯರ್ಥ ಉಪವಾಸ. ಮುಖ ಬಿಸಿಯೇರಿದ ಹೊತ್ತು, ಅದಕ್ಕೆ ಮೊದಲಿನ ಎರಡು ಗಂಟೆಗಳಲ್ಲಿ ತಿಂದದ್ದು, ಇದ್ದ ಜಾಗ, ಮುಖಕ್ಕೆ ತಾಗಿದ್ದು, ಮನಸ್ಸಿನ ಸ್ಥಿತಿ ಬರೆದಿಡಿ. ಆರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಮರೆಯಬೇಡಿ. ನನ್ನ ಪುಸ್ತಕದ ಒಂದು ದಿನ ಹೀಗಿದೆ: ‘ಬೆಳಿಗ್ಗೆ 6.30 ಬಚ್ಚಲೊಲೆ, ಎರಡು ಗಂಟೆ ಉರಿ. 8.15 ಬಸ್ಸು, ಬಲಗಡೆ ಕುಳಿತದ್ದು, ಬಲಗೆನ್ನೆ ಮಾತ್ರ. ಮಧ್ಯಾಹ್ನ ಕಾಳುಮೆಣಸಿನ ಸಾರು ಬಿಸಿಬಿಸಿ, ಒಂದು ಗಂಟೆ. ಸಂಜೆ ಮಾವಿನಹಣ್ಣು, ಏನೂ ಇಲ್ಲ.’ ಅದುವರೆಗೆ ಮಾವಿನಹಣ್ಣು ಉಷ್ಣ ಎಂದು ಮೂರು ಬೇಸಿಗೆ ಮುಟ್ಟಿರಲಿಲ್ಲ. ಪುಸ್ತಕ ನನ್ನ ಪಾಲಿನ ಹಣ್ಣನ್ನು ಮರಳಿಸಿತು.

ಋತುಸ್ರಾವ ನಿಲ್ಲುವ ವಯಸ್ಸಿನವರು ತಾನಾಗಿ ಬರುವ ಬಿಸಿಯನ್ನೂ ಗುರುತು ಹಾಕಿಕೊಳ್ಳಿ. ರಕ್ತದೊತ್ತಡದ ಕೆಲವು ಮಾತ್ರೆಗಳೂ ನಾಳಗಳನ್ನು ಅರಳಿಸಿ ಮುಖವನ್ನು ಕೆಂಪಾಗಿಸುತ್ತವೆ. ಅಂಥ ಮಾತ್ರೆಯನ್ನು ನೀವಾಗಿ ನಿಲ್ಲಿಸುವುದು ಬೇಡ, ಕೊಟ್ಟ ವೈದ್ಯರಿಗೆ ತಿಳಿಸಿ.

ಒಲೆ, ಹಂಡೆ, ಊಟದ ಬಟ್ಟಲು

ಕಾಸರಗೋಡಿನ ಮನೆಗಳಲ್ಲಿ ಕಾವು ಎಲ್ಲಿಂದೆಲ್ಲ ಬರುತ್ತದೆ ಎಂದು ಲೆಕ್ಕ ಹಾಕಿದರೆ ಬಿಸಿಲಿನ ಪಾಲು ಅರ್ಧ, ಉಳಿದರ್ಧ ಮನೆಯ ಒಳಗಿನದು. ಹಂಡೆಯ ನೀರು ಎಲ್ಲಕ್ಕಿಂತ ದೊಡ್ಡದು. ಮಳೆಗಾಲದಲ್ಲಿ ಹೊಗೆಯಾಡುವ ನೀರನ್ನು ತಲೆಯ ಮೇಲಿನಿಂದ ಸುರಿದುಕೊಳ್ಳುವ ಸುಖವನ್ನು ಬಿಡಲು ನನಗೂ ಕಷ್ಟವಾಯಿತು. ಮೈಗೆ ಬೇಕಾದರೆ ಬೆಚ್ಚಗಿನ ನೀರು ಹಾಕಿಕೊಳ್ಳಿ. ತಲೆಸ್ನಾನಕ್ಕೆ ಬಾಗಿ ನಿಂತು ನೀರು ಮುಖದ ಮೇಲೆ ಇಳಿಯದಂತೆ ನೋಡಿಕೊಳ್ಳಿ. ಮುಖವನ್ನು ಬಾವಿಯ ನೀರಿನಲ್ಲಿಯೇ ತೊಳೆಯಿರಿ. ಒಲೆಗೆ ಬೆಂಕಿ ಹಾಕುವ ಕೆಲಸವನ್ನು ಮನೆಯಲ್ಲಿ ಇನ್ನೊಬ್ಬರಿಗೆ ವಹಿಸಿ. ಇದನ್ನು ಬಾಯಿಬಿಟ್ಟು ಕೇಳಬೇಕು. ನಾನು ಕೇಳಲು ಐದು ವರ್ಷ ತಡಮಾಡಿದೆ, ಕೇಳಿದ ದಿನವೇ ನಮ್ಮವರು ಒಪ್ಪಿದರು.

ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುವಾಗ ಬರುವ ಆವಿ, ಕೊಟ್ಟಿಗೆ ಎಂಬ ಕಡುಬು ಬೇಯುವ ಅಟ್ಟಿನಳಗೆಯ (ಹಬೆಪಾತ್ರೆಯ) ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವ ಹಬೆ, ಒಗ್ಗರಣೆಯ ಮೆಣಸಿನ ಘಾಟು ಇವು ಮೂರನ್ನೂ ಗಮನಿಸಿ. ಮುಚ್ಚಳವನ್ನು ನಿಮ್ಮಿಂದ ಆಚೆ ಬದಿಗೆ ಓರೆಯಾಗಿ ತೆರೆಯಿರಿ. ಕಾವಲಿಯ ಮುಂದೆ ಒಂದೇ ಸಮನೆ ನಿಲ್ಲದೆ ಹತ್ತು ದೋಸೆಗೊಮ್ಮೆ ಕಿಟಕಿಯ ಬಳಿ ಹೋಗಿ ಬನ್ನಿ. ಸಣ್ಣದೊಂದು ಫ್ಯಾನು ಪಕ್ಕದಿಂದ ಬೀಸುತ್ತಿರಲಿ. ಬೆವರನ್ನು ಸೆರಗಿನಿಂದ ಉಜ್ಜಬೇಡಿ, ಹತ್ತಿಬಟ್ಟೆಯಿಂದ ಒತ್ತಿ ತೆಗೆಯಿರಿ.

ಖಾರ ತಿಂದರೆ ಬಿಸಿಯೇರುತ್ತದೆ ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ವಿಜ್ಞಾನದ ಆಧಾರವಿದೆ. ನಮ್ಮ ನರಗಳ ತುದಿಯಲ್ಲಿ ಬಿಸಿಗೂ ಖಾರಕ್ಕೂ ಇರುವುದು ಒಂದೇ ಬಾಗಿಲು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೇಲಿನ ಶಾಖ ತಾಗಿದಾಗ ಅದು ತೆರೆಯುತ್ತದೆ; ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಾಗಿದರೂ ತೆರೆಯುತ್ತದೆ. 1997ರಲ್ಲಿ ಇದನ್ನು ಪತ್ತೆಹಚ್ಚಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿ ಸಂದಿತು. ಕಾಳುಮೆಣಸೂ ಇದೇ ಬಾಗಿಲನ್ನು ತಟ್ಟುತ್ತದೆ. ಹಾಗಾಗಿ ಬಿಸಿಬಿಸಿ ಮೆಣಸುಸಾರು ಎಂದರೆ ಒಂದೇ ಬಾಗಿಲಿಗೆ ಎರಡು ಏಟು. ಖಾರವನ್ನು ಪೂರ್ತಿ ಬಿಡಲಾಗದವರು ಕಡೇಪಕ್ಷ ಆರಿಸಿ ತಿನ್ನಿ. ಗಾಂಧಾರಿ ಮೆಣಸಿನ ಚಟ್ನಿಯನ್ನು ಮಾತ್ರ ನಾನು ಶಾಶ್ವತವಾಗಿ ಬಿಟ್ಟೆ.

ಈ ವಿಷಯದಲ್ಲಿ ನಮ್ಮ ಅಡುಗೆ ನಮಗೆ ಬಹಳ ಅನುಕೂಲವಾಗಿದೆ. ತಂಬುಳಿಯನ್ನು ಕುದಿಸುವುದೇ ಇಲ್ಲ; ಒಂದೆಲಗ, ಸಾಂಬ್ರಾಣಿ ಸೊಪ್ಪು (ದೊಡ್ಡಪತ್ರೆ), ನೆಲ್ಲಿಕಾಯಿ ಯಾವುದನ್ನಾದರೂ ಹಾಕಿ ಮಾಡಬಹುದು. ಆರಿದ ಕುಚ್ಚಿಲಕ್ಕಿ ಗಂಜಿ, ಮಜ್ಜಿಗೆ, ಬೊಂಡದ ನೀರು (ಎಳನೀರು), ಪುನರ್ಪುಳಿಯ ತಣ್ಣನೆಯ ಶರಬತ್ತು ಇವುಗಳಿಂದ ಮುಖ ಕೆರಳುವುದು ವಿರಳ. ಇವು ರೋಗ ಗುಣಪಡಿಸುತ್ತವೆ ಎಂದು ನಾನು ಹೇಳುವುದಿಲ್ಲ. ಬಿಸಿ, ಖಾರದ ಪದಾರ್ಥದ ಜಾಗದಲ್ಲಿ ಇವು ಬಂದು ಕುಳಿತರೆ ಅದೇ ಉಪಕಾರ.

ಕಾಫಿ ಬಿಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಬೇಡ. 1981ರಲ್ಲಿಯೇ ವಿಲ್ಕಿನ್ ಎಂಬ ಅಮೆರಿಕದ ಚರ್ಮವೈದ್ಯರು ಬಿಸಿ ಕಾಫಿ, ತಣ್ಣನೆಯ ಕಾಫಿ, ಬರೀ ಬಿಸಿನೀರು ಕುಡಿಸಿ ನೋಡಿದರು. ಮುಖ ಕೆಂಪಾಗಿಸಿದ್ದು ಬಿಸಿಯೇ ಹೊರತು ಕಾಫಿಯಲ್ಲ. 2018ರಲ್ಲಿ ಅಮೆರಿಕದ 80 ಸಾವಿರಕ್ಕೂ ಹೆಚ್ಚು ದಾದಿಯರ ಮಾಹಿತಿಯನ್ನು ನೋಡಿದಾಗ ಹೆಚ್ಚು ಕಾಫಿ ಕುಡಿಯುವವರಲ್ಲಿ ರೊಸೇಶಿಯಾ ಕಡಿಮೆಯೇ ಕಂಡಿತು. ಲೋಟದ ಕಾಫಿಯನ್ನು ಬೆರಳಿಗೆ ಬೆಚ್ಚಗೆನಿಸುವಷ್ಟು ಆರಿಸಿ ಕುಡಿಯಿರಿ. ಜೀರಿಗೆ ಕಷಾಯಕ್ಕೂ ಇದೇ ನಿಯಮ. ಮದ್ಯ, ಕಳ್ಳು ಮಾತ್ರ ಬಿಸಿಯಿಲ್ಲದೆಯೂ ನಾಳಗಳನ್ನು ಅರಳಿಸುತ್ತವೆ. ಇಲ್ಲಿಯೇ ಒಂದು ಮಾತು ಹೇಳಬೇಕು: ಗಂಡಸರಲ್ಲಿ ರೊಸೇಶಿಯಾದಿಂದ ಮೂಗು ದಪ್ಪಗೆ, ಗಂಟುಗಂಟಾಗಿ ಬೆಳೆಯುವುದುಂಟು. ಅದನ್ನು ಕುಡುಕನ ಮೂಗು ಎನ್ನುವುದು ಘೋರ ಅನ್ಯಾಯ. ಜೀವನದಲ್ಲಿ ಒಂದು ಹನಿ ಕುಡಿಯದವರಿಗೂ ಅದು ಬರುತ್ತದೆ.

ಬಿಸಿಲು

ನಮ್ಮ ಊರು ಸಮಭಾಜಕಕ್ಕೆ ಹತ್ತಿರ, ಸುಮಾರು 12.5 ಡಿಗ್ರಿ ಉತ್ತರದಲ್ಲಿದೆ. ಬೇಸಿಗೆಯ ನಡುಹಗಲಿನಲ್ಲಿ ಅತಿನೇರಳೆ ಕಿರಣದ ಸೂಚ್ಯಂಕ ಬಹಳ ಮೇಲೇರುತ್ತದೆ. 3 ದಾಟಿದರೆ ರಕ್ಷಣೆ ಬೇಕು, 8 ದಾಟಿದರೆ ಬಹಳ ಹೆಚ್ಚು, 11 ದಾಟಿದರೆ ತೀವ್ರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕೇರಳ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಈ ಸೂಚ್ಯಂಕವನ್ನು ಪ್ರಕಟಿಸುತ್ತದೆ, ಮೊಬೈಲಿನಲ್ಲಿ ನೋಡಬಹುದು. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಅಂಗಳಕ್ಕೆ ಇಳಿಯದಿರುವುದು ಎಲ್ಲ ಕ್ರೀಮಿಗಿಂತ ಮೇಲು. ಅಡಿಕೆ ಹರಡುವುದು, ಮಗುಚುವುದನ್ನು ಬೆಳಿಗ್ಗೆ 9ರ ಒಳಗೆ ಮುಗಿಸಿ, ಒಟ್ಟು ಮಾಡುವುದನ್ನು 4ರ ಮೇಲೆ ಇಟ್ಟುಕೊಳ್ಳಿ. ಸಿಮೆಂಟಿನ ಅಂಗಳ ಕೆಳಗಿನಿಂದಲೂ ಮುಖಕ್ಕೆ ಕಾವು ಎರಚುತ್ತದೆ. ತೋಟಕ್ಕೆ ಹೋಗುವವರಿಗೆ ಹಾಳೆಯ ಮುಟ್ಟಾಳೆ ಒಳ್ಳೆಯದೇ, ಆದರೆ ಅದು ಕೆನ್ನೆಗೆ ನೆರಳು ಕೊಡುವುದಿಲ್ಲ. ಅಗಲ ಅಂಚಿನ ಟೊಪ್ಪಿ ಅಥವಾ ತಲೆಯಿಂದ ಇಳಿಬಿಟ್ಟ ಹತ್ತಿಯ ಬೈರಾಸು (ಟವೆಲು) ಬೇಕು. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಕಲಸುವಾಗ ಮುಖ ಮುಚ್ಚಿಕೊಳ್ಳಿ, ಸುಣ್ಣದ ಹುಡಿ ಇಂಥ ಚರ್ಮವನ್ನು ಸುಡುತ್ತದೆ.

ಮಂಗಳೂರಿಗೆ ಬಸ್ಸಿನಲ್ಲಿ ಹೋಗಿಬರುವವರಿಗೆ ನನ್ನ ಪುಸ್ತಕ ಕಲಿಸಿದ ಒಂದು ಸಂಗತಿ: ಬೆಳಿಗ್ಗೆ ಉತ್ತರಕ್ಕೆ ಹೋಗುವಾಗ ಬಿಸಿಲು ಬಲಕ್ಕೆ, ಸಂಜೆ ದಕ್ಷಿಣಕ್ಕೆ ಮರಳುವಾಗಲೂ ಬಲಕ್ಕೆ. ಎರಡು ಹೊತ್ತೂ ಎಡಗಡೆ ಕುಳಿತರೆ ನೆರಳು.

ಸನ್‌ಸ್ಕ್ರೀನ್ ಕೊಳ್ಳುವಾಗ ಪೊಟ್ಟಣದಲ್ಲಿ ಎಸ್‌ಪಿಎಫ್ 30 ಅಥವಾ ಹೆಚ್ಚು, ಯುವಿಎ ಮತ್ತು ಯುವಿಬಿ ಎಂಬ ಎರಡು ಬಗೆಯ ಅತಿನೇರಳೆ ಕಿರಣಗಳಿಂದಲೂ ರಕ್ಷಣೆ ಎಂದಿರಲಿ. ಅದರಲ್ಲಿರುವ ವಸ್ತು ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಆಗಿರಲಿ, ಸುವಾಸನೆ ಬೇಡ. ಯಕ್ಷಗಾನದ ಚೌಕಿಯಲ್ಲಿ ಮುಖಕ್ಕೆ ಬಳಿಯುವ ಬಿಳಿ ಬಣ್ಣಕ್ಕೂ ಜಿಂಕ್ ಆಕ್ಸೈಡ್ ಬಳಸುವುದುಂಟು ಎಂದರೆ ಅದು ಏಕೆ ಮುಖವನ್ನು ಬೆಳ್ಳಗೆ ಮಾಡುತ್ತದೆ ಎಂದು ತಿಳಿಯುತ್ತದೆ. ನಮ್ಮ ಬಣ್ಣಕ್ಕೆ ಆ ಬಿಳುಪು ಒಗ್ಗದಿದ್ದರೆ ಕಂದು ಛಾಯೆ ಬೆರೆಸಿದ್ದನ್ನು ಆರಿಸಿ. ಅದರಲ್ಲಿರುವ ಕಬ್ಬಿಣದ ಆಕ್ಸೈಡ್ ಕಪ್ಪು ಕಲೆ ಉಳಿಯುವುದನ್ನೂ ತಗ್ಗಿಸುತ್ತದೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಮುಖ, ಕುತ್ತಿಗೆಗೆ ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ನಮ್ಮ ಬೆವರಿಗೆ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೋಡ ಕವಿದ ಜೂನಿನಲ್ಲಿಯೂ ಹಚ್ಚಬೇಕೇ? ಹಚ್ಚಬೇಕು. ಹೇಗೂ ಕೊಡೆ ಕೈಯಲ್ಲಿರುತ್ತದೆ, ಮಳೆ ನಿಂತರೂ ಮಡಚಬೇಡಿ.

ತೊಳೆಯುವುದು, ತೇವ ಕಾಯುವುದು

ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆ, ನಿಂಬೆರಸ, ಅರಿಶಿನ, ಬೇವಿನ ಲೇಪ, ಹಲ್ಲಿನ ಪೇಸ್ಟು ಇವೆಲ್ಲ ಮುಖದಿಂದ ದೂರ ಇರಲಿ. ಗಟ್ಟಿ ಚರ್ಮಕ್ಕೆ ಹಿತವಾದ ಉಜ್ಜುವಿಕೆ ಇಲ್ಲಿ ಗಾಯ ಮಾಡುತ್ತದೆ. ಮಾಮೂಲಿ ಸಾಬೂನು ಕ್ಷಾರ. ಅದರ ಪಿಎಚ್ (ಆಮ್ಲ, ಕ್ಷಾರಗಳ ಅಳತೆ) 9–10ರಷ್ಟಿದ್ದರೆ ನಮ್ಮ ಚರ್ಮದ್ದು ಸುಮಾರು 5. ಸಾಬೂನಿಲ್ಲದ ಕ್ಲೆನ್ಸರ್ ಎಂದು ಕೇಳಿ ತನ್ನಿ, ಸುವಾಸನೆ ಇಲ್ಲದ್ದು. ರಾತ್ರಿ ಒಮ್ಮೆ ಬೆರಳ ತುದಿಯಿಂದ ಅರ್ಧ ನಿಮಿಷ ಸವರಿ ತೊಳೆದರೆ ಸಾಕು, ಬೆಳಿಗ್ಗೆ ಬರೀ ನೀರು. ಒರಸುವುದು ಬೇಡ, ಮೆದು ಬೈರಾಸಿನಿಂದ ಒತ್ತಿ.

ಚರ್ಮದಲ್ಲಿ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ನುಸಿಗಳು ಬಹುತೇಕ ಎಲ್ಲರಲ್ಲಿಯೂ ಇರುತ್ತವೆ, ರೊಸೇಶಿಯಾ ಇರುವವರಲ್ಲಿ ಹೆಚ್ಚು. ಇದನ್ನು ಕೇಳಿದೊಡನೆ ಉಜ್ಜಿ ತೊಳೆಯಬೇಕೆನಿಸುತ್ತದೆ. ಮಾಡಬೇಡಿ, ಇದು ಕೊಳೆಯ ಕಾಯಿಲೆ ಅಲ್ಲವೇ ಅಲ್ಲ.

ಇನ್ನೂ ಒದ್ದೆಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಗ್ಲಿಸರಿನ್, ಸೆರಮೈಡ್ ಇರುವುದು ಒಳ್ಳೆಯದು. ಪಟ್ಟಿಯಲ್ಲಿ ಮೆಂಥಾಲ್, ಕರ್ಪೂರ, ನೀಲಗಿರಿ, ಪುದೀನ, ಲವಂಗದ ಎಣ್ಣೆ, ಆಲ್ಕೋಹಾಲ್ ಕಂಡರೆ ಹಿಂದಿರುಗಿಸಿ; ‘ತಂಪು’ ಎಂದು ಬರೆದಿರುವುದೇ ಹೆಚ್ಚು ಉರಿಸುತ್ತದೆ. ಲೋಳೆಸರವನ್ನು ಗಿಡದಿಂದ ಕೊಯ್ದು ನೇರ ಹಚ್ಚುವವರು ಸಿಪ್ಪೆಯ ಕೆಳಗಿನ ಹಳದಿ ಹಾಲು ತಾಗದಂತೆ ಎಚ್ಚರವಹಿಸಿ, ನನಗಂತೂ ಅದು ಒಗ್ಗಲಿಲ್ಲ. ತೆಂಗಿನೆಣ್ಣೆಯ ಮೇಲೆ ನಮಗಿರುವ ಪ್ರೀತಿ ದೊಡ್ಡದು, ನಮ್ಮ ಬದುಕೇ ತೆಂಗು. ಆದರೆ ಗುಳ್ಳೆ ಏಳುವ ಮುಖದಲ್ಲಿ ಅದು ರಂಧ್ರ ಮುಚ್ಚುತ್ತದೆ. ಕೂದಲಿಗೆ ಹಾಕಿ, ಹಣೆಗೆ ಇಳಿಯದಂತೆ ಕಟ್ಟಿ, ದಿಂಬಿನ ಬಟ್ಟೆಯನ್ನು ವಾರಕ್ಕೆರಡು ಬಾರಿ ಬದಲಿಸಿ. ಮಧೂರಿನ ಅಥವಾ ಅನಂತಪುರದ ದೇವಸ್ಥಾನಕ್ಕೆ ಹೋದಾಗ ಗಂಧಪ್ರಸಾದವನ್ನು ಹಣೆಯ ಬದಲು ಕುತ್ತಿಗೆಗೆ ಹಚ್ಚಿಕೊಳ್ಳಿ. ಗಂಡಸರು ಕೂದಲು ಬೆಳೆದ ದಿಕ್ಕಿನಲ್ಲಿಯೇ ಕ್ಷೌರ ಮಾಡಲಿ, ಆಮೇಲೆ ಸ್ಫಟಿಕ, ಲೋಶನ್ ಬೇಡ.

ಈ ಎರಡನ್ನು, ಎಂದರೆ ತೊಳೆಯುವುದು ಮತ್ತು ತೇವ, ಆರು ವಾರ ಸುಮ್ಮನೆ ಮಾಡಿ. ಇದರ ನಡುವೆ ಹೊಸತೇನನ್ನೂ ತರಬೇಡಿ. ಚುರುಗುಟ್ಟುವಿಕೆ ಮೊದಲು ನಿಲ್ಲುತ್ತದೆ, ಕೆಂಪು ನಿಧಾನವಾಗಿ ತಗ್ಗುತ್ತದೆ. ಎದ್ದು ಕಾಣುವ ನಾಳಗಳು ಇದರಿಂದ ಹೋಗುವುದಿಲ್ಲ, ಅವಕ್ಕೆ ಲೇಸರ್ ಬೇಕು.

ಚೀಟಿ ಇಲ್ಲದೆ ಸಿಗುವ ಎರಡು

ಆರು ವಾರದ ಬಳಿಕ, ಬೇಕಿದ್ದರೆ ಮಾತ್ರ. ಮೊದಲನೆಯದು ಶೇಕಡ 10ರ ಅಜೆಲಿಕ್ ಆಮ್ಲ. ಗುಳ್ಳೆಗೂ ಕೆಂಪಿಗೂ ಇದರಿಂದ ಉಪಕಾರವಿದೆ, ಕಪ್ಪು ಕಲೆಯನ್ನೂ ತಿಳಿಗೊಳಿಸುತ್ತದೆ; ವೈದ್ಯರು ಬರೆದುಕೊಡುವುದು ಶೇಕಡ 15ರದ್ದು. ದಿನಬಿಟ್ಟು ದಿನ ರಾತ್ರಿ, ಮಾಯಿಶ್ಚರೈಸರಿನ ಮೇಲೆ, ಬಟಾಣಿಯಷ್ಟು. ಮೊದಲ ಕೆಲವು ದಿನ ತುರಿಕೆ, ಚುರುಕು ಇರುತ್ತದೆ. ಹತ್ತು ನಿಮಿಷ ಮೀರಿ ಉರಿದರೆ ತೊಳೆದುಬಿಡಿ. ಫಲ ನೋಡಲು 8ರಿಂದ 12 ವಾರ ಬೇಕು. ಎರಡನೆಯದು ನಿಯಾಸಿನಮೈಡ್, ಶೇಕಡ 4–5ರದ್ದು ಸಾಕು, 10ರದ್ದು ಕೆಲವರಲ್ಲಿ ಬಿಸಿಯೇರಿಸುತ್ತದೆ. ಒಟ್ಟಿಗೆ ಎರಡನ್ನೂ ಆರಂಭಿಸಬೇಡಿ.

ಯಾವುದೇ ಹೊಸತನ್ನು ಕಿವಿಯ ಕೆಳಗೆ, ದವಡೆಯ ಅಂಚಿನಲ್ಲಿ ನಾಣ್ಯದಗಲ ಮೂರು ರಾತ್ರಿ ಹಚ್ಚಿ ನೋಡಿ, ಆಮೇಲೆ ಕೆನ್ನೆಗೆ. ರೆಟಿನಾಲ್, ಗ್ಲೈಕಾಲಿಕ್ ಆಮ್ಲ, ವಿಟಮಿನ್ ಸಿ ಎಂದು ಮಕ್ಕಳು ಮೊಬೈಲಿನಲ್ಲಿ ತೋರಿಸುವುದೆಲ್ಲ ಬೇರೆ ಚರ್ಮಗಳಿಗೆ. ಬಸುರಿಯರು, ಮೊಲೆಯೂಡಿಸುವವರು ಏನು ಹಚ್ಚುವುದಿದ್ದರೂ ವೈದ್ಯರನ್ನು ಕೇಳಿಯೇ ಹಚ್ಚಿ.

ಕೆರಳಿದ ಹೊತ್ತಿನಲ್ಲಿ

ಕಾವಿನಿಂದ ಈಚೆ ಬನ್ನಿ, ಜಗಲಿಯಲ್ಲಿ ಫ್ಯಾನಿನ ಕೆಳಗೆ ಕುಳಿತುಕೊಳ್ಳಿ. ಬಾವಿಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಯ ಮೇಲೆ ಐದು ನಿಮಿಷ ಇಡಿ. ಐಸನ್ನು ನೇರ ಚರ್ಮಕ್ಕೆ ಇಡಬೇಡಿ. ಬೇಕಿದ್ದರೆ ಸಣ್ಣ ತುಂಡೊಂದನ್ನು ಬಾಯಲ್ಲಿ ಚೀಪಿ, ಅದು ಒಳಗಿನಿಂದ ಬಿಸಿ ಇಳಿಸುತ್ತದೆ. ಮತ್ತೆ ಮತ್ತೆ ತೊಳೆಯಬೇಡಿ, ಕನ್ನಡಿ ನೋಡಬೇಡಿ. ಫ್ರಿಜ್ಜಿನಲ್ಲಿಟ್ಟ ಮಾಯಿಶ್ಚರೈಸರನ್ನು ತೆಳ್ಳಗೆ ಹಚ್ಚಿ, ಆ ದಿನಕ್ಕೆ ಬೇರೆಲ್ಲ ನಿಲ್ಲಿಸಿ.

ಕಣ್ಣು, ಮತ್ತು ವೈದ್ಯರು

ರೊಸೇಶಿಯಾ ಕಣ್ಣಿಗೂ ಬರುತ್ತದೆ, ಕೆಲವರಿಗೆ ಮುಖಕ್ಕಿಂತ ಮೊದಲೇ. ಮರಳು ಬಿದ್ದಂತೆ ಚುಚ್ಚುವುದು, ರೆಪ್ಪೆಯ ಅಂಚು ಕೆಂಪಾಗಿ ಹೊಟ್ಟು ಕಟ್ಟುವುದು, ಪದೇ ಪದೇ ಕಣ್ಣುಕುಟಿಕೆ ಆಗುವುದು ಲಕ್ಷಣ. ಉಗುರುಬೆಚ್ಚನೆಯ ನೀರಿನ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಮಾತ್ರ ಐದು ನಿಮಿಷ ಇಟ್ಟು, ರೆಪ್ಪೆಗೂದಲ ಬುಡವನ್ನು ಮೆಲ್ಲಗೆ ಒರಸಿ. ಕಾಡಿಗೆ ಬೇಡ. ಸಂರಕ್ಷಕ ಬೆರೆಸದ ಕೃತಕ ಕಣ್ಣೀರಿನ ಹನಿ ಬಳಸಬಹುದು. ಬೇರೆ ಯಾವ ಹನಿಯನ್ನೂ ಕೇಳಿ ತರಬೇಡಿ, ಸ್ಟೀರಾಯ್ಡ್ ಇರುವ ಹನಿಗಳು ಕಣ್ಣಿನ ಒತ್ತಡವನ್ನು ಏರಿಸುತ್ತವೆ. ಕಣ್ಣು ನೋಯುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಮೂರು ತಿಂಗಳು ಇದನ್ನೆಲ್ಲ ಪಾಲಿಸಿಯೂ ಗುಳ್ಳೆಗಳು ನಿಲ್ಲದಿದ್ದರೆ, ಮೂಗಿನ ಚರ್ಮ ದಪ್ಪವಾಗುತ್ತಿದ್ದರೆ ಚರ್ಮವೈದ್ಯರ ಔಷಧ ಬೇಕು. ಔಷಧ ತೆಗೆದುಕೊಂಡರೆ ಸೋತಂತೆ ಎಂದು ಭಾವಿಸಬೇಡಿ, ನಾನೂ ಎರಡು ಬಾರಿ ತೆಗೆದುಕೊಂಡಿದ್ದೇನೆ. ಹೋಗುವ ದಿನ ಮುಖಕ್ಕೆ ಏನೂ ಹಚ್ಚದೆ ಹೋಗಿ. ಬರೆದ ಪುಸ್ತಕ, ಮುಖ ಕೆರಳಿದ ದಿನದ ಮೊಬೈಲ್ ಚಿತ್ರಗಳು, ಇದುವರೆಗೆ ಹಚ್ಚಿದ ಎಲ್ಲ ಟ್ಯೂಬುಗಳು, ಖಾಲಿಯಾದವು ಸಹ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮಲಯಾಳದಲ್ಲಿ ವಿವರಿಸಲು ತೊಡಕಾಗುವ ಹಿರಿಯರ ಜೊತೆ ಮನೆಯವರೊಬ್ಬರು ಹೋಗಲಿ. ‘ಉರಿ’, ‘ತುರಿಕೆ’, ‘ಚುರುಕು’ ಇವುಗಳ ವ್ಯತ್ಯಾಸವನ್ನು ವೈದ್ಯರಿಗೆ ಸರಿಯಾಗಿ ತಿಳಿಸಲೇಬೇಕು.